ಹೊಗೆಯಿಲ್ಲದ ಉರುವಲು ಮತ್ತು ನಮ್ಮ ಉಸಿರು

ಬರ್ಫದ ಕಾರ್ಖಾನೆಯಲ್ಲಿ ದುಡಿದ ಬಂಧುಗಳಿಗೆ ಅಮೋನಿಯದ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಳವೆ ಸೋರಿದರೆ ಕಣ್ಣುರಿದು, ಉಸಿರು ಕಟ್ಟಿ, ಬಾಗಿಲಿನತ್ತ ಓಡಿಸುವ ಘಾಟು ಗಾಳಿ ಅದೇ. ಈಗ ಅದನ್ನೇ ಕಲ್ಲಿದ್ದಲಿನ ಬದಲು ಉರಿಸಬೇಕೆಂಬ ಮಾತು ಲೋಕದಲ್ಲೆಲ್ಲ ನಡೆದಿದೆ. ವಿದ್ಯುತ್ತಿನ ಬಾಯ್ಲರು, ಸಿಮೆಂಟಿನ ಭಟ್ಟಿ, ಹಡಗಿನ ಎಂಜಿನು, ಎಲ್ಲಕ್ಕೂ ಇದೇ ಮುಂದಿನ ಉರುವಲಂತೆ.

ಬರಿಯ ಮಾತೂ ಅಲ್ಲ. ಜಪಾನಿನ ಹೆಕಿನಾನ್ ವಿದ್ಯುತ್ ಕೇಂದ್ರದಲ್ಲಿ 2024ರಲ್ಲಿ ಕಲ್ಲಿದ್ದಲಿನ ಐದರಲ್ಲೊಂದು ಪಾಲು ತೆಗೆದು ಅಮೋನಿಯ ಉರಿಸಿ ನೋಡಿದರು; ಬಾಯ್ಲರು ನಡೆಯಿತು. ಅಮೋನಿಯದಲ್ಲಿ ಇಂಗಾಲವಿಲ್ಲ, ಆದ್ದರಿಂದ ಇಂಗಾಲದ ಹೊಗೆಯೂ ಇಲ್ಲ. ಹದ ತಪ್ಪಿದರೆ ಸಾರಜನಕದ ಕೆಟ್ಟ ಅನಿಲಗಳು ಏಳುತ್ತವೆ, ಅದು ಬೇರೆ.

ಆದರೆ ಅದು ಹುಟ್ಟುವುದೆಲ್ಲಿ? ಇಲ್ಲಿಯ ಟ್ರಾಂಬೆಯಲ್ಲಾಗಲಿ, ಊರ ಕಡೆಯ ಪಣಂಬೂರಿನಲ್ಲಾಗಲಿ, ಗೊಬ್ಬರಕ್ಕಾಗಿ ಅಮೋನಿಯ ತಯಾರಾಗುವುದು ನೆಲದೊಳಗಿನ ಗ್ಯಾಸಿನಿಂದ. ಹೊಗೆ ಅಲ್ಲಿಯೇ ಹೊರಬಿದ್ದಿರುತ್ತದೆ. ಬೊರಿವಲಿಯ ಕಸವನ್ನು ದಹಿಸರಿನಲ್ಲಿ ಸುರಿದು ಬೀದಿ ಚೊಕ್ಕಟವಾಯಿತೆಂದ ಹಾಗೆ! ಬಿಸಿಲಿನ, ಗಾಳಿಯ ವಿದ್ಯುತ್ತಿನಿಂದ ನೀರನ್ನೊಡೆದು, ಬಂದ ಜಲಜನಕದಿಂದ ಮಾಡಿದರೆ ಅದನ್ನು ಶುದ್ಧವೆನ್ನಬಹುದು. ಇಂಥ ಜಲಜನಕಕ್ಕೆಂದೇ ಕೇಂದ್ರ ಸರಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಭಟ್ಟಿಯ ಮುಂದೆ ಹೊಗೆ ಕುಡಿದವರು ನಾವು. ಕಲ್ಲಿದ್ದಲು ಹೋಗಲೆಂದರೆ ಮೊದಲು ಕೈ ಎತ್ತುವವರೂ ನಾವೇ.

ನಮ್ಮ ತಕರಾರು ಇಷ್ಟು: ಗ್ಯಾಸಿನಿಂದ ಮಾಡಿರಲಿ, ಬಿಸಿಲಿನಿಂದ ಮಾಡಿರಲಿ, ಎದೆಯೊಳಗೆ ಹೊಕ್ಕ ಅಮೋನಿಯ ಒಂದೇ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು ಬೆರೆತರೆ ಜೀವಕ್ಕೇ ಅಪಾಯ. 2023ರ ಡಿಸೆಂಬರಿನಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ, ಗೊಬ್ಬರದ ಕಾರ್ಖಾನೆಗೆ ಹಡಗಿನಿಂದ ಅಮೋನಿಯ ತರುವ ಕಡಲಡಿಯ ಕೊಳವೆ ಸೋರಿತು; ನಡುರಾತ್ರಿ ಜನ ಮನೆ ಬಿಟ್ಟು ಓಡಿದರು, ಹಲವರು ಆಸ್ಪತ್ರೆ ಸೇರಿದರು. ಉರುವಲಾದರೆ ಇನ್ನೂ ಹೆಚ್ಚು ಬೇಕು. ಡೀಸೆಲ್ಲಿನ ಅರ್ಧದಷ್ಟೂ ಶಾಖ ಇದರಲ್ಲಿಲ್ಲ. ಅಷ್ಟಕ್ಕಷ್ಟು ಟ್ಯಾಂಕು, ಅಷ್ಟಕ್ಕಷ್ಟು ವಾಲ್ವು. ವಾಲ್ವಿನ ಹತ್ತಿರ ನಿಲ್ಲುವವನು ಯಾರು? ಗುತ್ತೇದಾರನ ಕೂಲಿಯಾಳು.

ಭಿವಂಡಿಯ ಸೈಜಿಂಗ್ ಬಾಯ್ಲರಿಗೆ ಇದು ನಾಳೆಯೇ ಬಾರದು. ಬರುವ ಮೊದಲು ಮುಖವಾಡ, ಸೋರಿಕೆಯ ಗಂಟೆ, ಆಳಿಗೆ ತಿಳಿಯುವ ಭಾಷೆಯಲ್ಲಿ ತರಬೇತಿ, ಇವು ಬರಬೇಕು, ಗುತ್ತಿಗೆಯವನಿಗೂ ಬರಬೇಕು. ಅಪಾಯದ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷಾ ಸಮಿತಿ ಬೇಕೆಂದು ಫ್ಯಾಕ್ಟರಿ ಕಾಯಿದೆಗೆ ಸೇರಿಸಿದ್ದು 1987ರಲ್ಲಿ, ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ. ಬರ್ಫದ, ರಸಾಯನದ, ಗೊಬ್ಬರದ ಕಾರ್ಖಾನೆಗಳಲ್ಲಿರುವ ನಮ್ಮ ಬಂಧುಗಳು ತಮ್ಮಲ್ಲಿ ಅಂಥ ಸಮಿತಿ ಇದೆಯೇ, ಇದ್ದರೆ ಕೊನೆಯ ಸಲ ಯಾವಾಗ ಕೂಡಿತ್ತು ಎಂಬುದನ್ನು ನಮ್ಮ ಕಚೇರಿಗೆ ಬರೆದು ತಿಳಿಸಬೇಕು.