ಗುಳಿಗೆಯ ಜೊತೆಗೆ ಮಾತೂ ಬೇಕು

ಸಂಜೆ ಏಳು ಗಂಟೆಗೆ ಊರಿನ ಯಾವುದಾದರೂ ಔಷಧದಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಗಿರಣಿಯ ಪಾಳಿ ಬಿಟ್ಟು, ಡಾಕ್ಟರ ಷಾಪುಗಳು ತುಂಬಿರುವ ಹೊತ್ತು ಅದು. ಕಟ್ಟೆಯ ಈಚೆ ಎಂಟು ಹತ್ತು ಕೈಗಳು ಚೀಟಿ ಚಾಚಿರುತ್ತವೆ. ಆಚೆ ಇಪ್ಪತ್ತು ವರ್ಷದ ಒಬ್ಬ ಹುಡುಗ ಏಣಿ ಹತ್ತುತ್ತ ಇಳಿಯುತ್ತ, ಬಿಲ್ಲು ಹಾಕುತ್ತ, ಚಿಲ್ಲರೆ ಎಣಿಸುತ್ತ, ನಡುವೆ ಫೋನಿಗೂ ಉತ್ತರ ಹೇಳುತ್ತ ಇರುತ್ತಾನೆ. ಅಂಗಡಿಯ ಹೆಸರು ನಮಗೆ ಗೊತ್ತು, ಡಾಕ್ಟರ ಹೆಸರು ಗೊತ್ತು, ಔಷಧದ ಕಂಪನಿಯ ಹೆಸರೂ ಗೊತ್ತು. ಆ ಹುಡುಗನ ಹೆಸರು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಆದರೆ ಡಾಕ್ಟರು ಬರೆದದ್ದು ರೋಗಿಯ ಹೊಟ್ಟೆ ಸೇರುವ ಮುನ್ನ ಕೊನೆಯದಾಗಿ ಹಾದುಹೋಗುವುದು ಅವನ ಕೈಯಿಂದ. ಆ ಕೈಯ ಬಗ್ಗೆ ಈ ವಾರ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಕೆಲವು ದಿನಗಳ ಹಿಂದೆ ಅಂಥದೇ ಒಂದು ಗುಂಪಿನಲ್ಲಿ ನಾವೂ ನಿಂತಿದ್ದೆವು. ನಮ್ಮ ಮುಂದೆ ಒಬ್ಬ ಅಜ್ಜಿ. ಕೀಲುವಾತಕ್ಕೆ ಡಾಕ್ಟರು ಬರೆದ ಚೀಟಿಯಲ್ಲಿ ಮೆಥೋಟ್ರೆಕ್ಸೇಟ್ ಎಂಬ ಗುಳಿಗೆ ಇತ್ತು. ಹುಡುಗ ಚೀಟಿಯನ್ನು ಒಳಗಿದ್ದ ಫಾರ್ಮಸಿಸ್ಟರಿಗೆ ತೋರಿಸಿ ಬಂದು, ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ:

"ಅಜ್ಜೀ, ಇದನ್ನ ಯಾವಾಗ ತಗೋತೀರಿ?"

"ದಿನಾ ರಾತ್ರಿ ಉಂಡ ಮ್ಯಾಲೆ, ಎಲ್ಲಾದರ ಜೊತಿಗೆ."

"ಬ್ಯಾಡ್ರಿ ಅಜ್ಜೀ. ಇದು ದಿನಾ ಅಲ್ಲ, ವಾರಕ್ಕ ಒಂದೇ ದಿನ. ಚೀಟಿಯಾಗ ಭಾನುವಾರ ಅಂತ ಬರದಾರ. ಈಗ ನೀವು ಹೇಳ್ರಿ, ಯಾವತ್ತು?"

"ಭಾನುವಾರ. ಸಂತಿ ದಿನ."

ಹುಡುಗ ಪೊಟ್ಟಣದ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ 'ಭಾನುವಾರ ಮಾತ್ರ' ಎಂದು ಬರೆದು ಕೊಟ್ಟ. ಇಷ್ಟಕ್ಕೆ ಒಂದೂವರೆ ನಿಮಿಷ ಹಿಡಿಯಿತು. ಅಷ್ಟರಲ್ಲಿ ಹಿಂದಿನಿಂದ, "ಮಾತು ಸಾಕು, ಔಷಧಿ ಕೊಡಪ್ಪಾ" ಎಂಬ ಕೂಗೆದ್ದಿತ್ತು. ಗೊಣಗಿದವರಲ್ಲಿ ನಾವೂ ಇದ್ದೆವು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಏಕೆಂದರೆ ಆ ಒಂದೂವರೆ ನಿಮಿಷದ ಬೆಲೆ ಏನೆಂದು ಆಮೇಲೆ ತಿಳಿಯಿತು. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಆ ಔಷಧವನ್ನು ತಪ್ಪಿ ದಿನವೂ ನುಂಗಿದರೆ ಬಾಯಲ್ಲಿ ಹುಣ್ಣು ಏಳುತ್ತದೆ, ಮೂಳೆಯೊಳಗೆ ರಕ್ತ ಹುಟ್ಟುವ ಕೆಲಸವೇ ನಿಂತುಹೋಗುತ್ತದೆ. ಈ ಒಂದು ತಪ್ಪಿನಿಂದ ಹಲವು ದೇಶಗಳಲ್ಲಿ ಜನ ಸತ್ತಿದ್ದಾರೆ. ಗುಳಿಗೆ ಸರಿಯಾದದ್ದೇ, ಡಾಕ್ಟರು ಬರೆದದ್ದೂ ಸರಿಯೇ, ತಪ್ಪಿದ್ದು ಮಾತು. 2015ರ ಫಾರ್ಮಸಿ ವೃತ್ತಿ ನಿಯಮಗಳು ಈ ಮಾತನ್ನು ಔಷಧ ಕೊಡುವವರ ಕರ್ತವ್ಯವೆಂದೇ ಬರೆದಿವೆ. ಔಷಧದ ಹೆಸರೇನು, ಹೇಗೆ ತೆಗೆದುಕೊಳ್ಳಬೇಕು, ಎಷ್ಟು ದಿನ, ಹೇಗೆ ಇಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಇವೆಲ್ಲ ರೋಗಿಗೆ ತಿಳಿಯಬೇಕು. ಗುಳಿಗೆ ಹಾಳೆಯ ಮೇಲಿನ ಅಕ್ಷರ ಇಂಗ್ಲಿಷು, ಡಾಕ್ಟರ ಚೀಟಿಯೂ ಇಂಗ್ಲಿಷು. ನಮ್ಮ ಜನಕ್ಕೆ ತಿಳಿಯುವ ಭಾಷೆಯಲ್ಲಿ ಕೊನೆಗೆ ಸಿಗುವುದು ಕಟ್ಟೆಯ ಮೇಲಿನ ಆ ಮಾತೊಂದೇ.

ಇನ್ನು ಅವನ ಉಳಿದ ಕೆಲಸವನ್ನು ನೋಡೋಣ. ಬೆಳಿಗ್ಗೆ ಸಗಟು ವ್ಯಾಪಾರಿಯಿಂದ ಬಂದ ಪೆಟ್ಟಿಗೆಗಳನ್ನು ಬಿಚ್ಚಿ, ಒಂದೊಂದು ಔಷಧದ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು, ಬೆಲೆ ಇವನ್ನು ಇನ್‌ವಾಯ್ಸಿನೊಂದಿಗೆ ತಾಳೆ ನೋಡಬೇಕು. ಬೇಗ ಅವಧಿ ಮುಗಿಯುವುದನ್ನು ಮುಂದೆ ಜೋಡಿಸಬೇಕು, ಮುಗಿದದ್ದನ್ನು ಬೇರೆ ಇಟ್ಟು ವಾಪಸು ಕಳಿಸುವ ಪಟ್ಟಿ ಮಾಡಬೇಕು. ಇನ್ಸುಲಿನ್ ಇಟ್ಟ ಫ್ರಿಜ್ಜಿನ ಶಾಖ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ನೋಡಿ ಬರೆಯಬೇಕು. ರಾತ್ರಿ ಕರೆಂಟು ಹೋಗಿ ಕೆಟ್ಟರೆ ಅದು ಹೊರಗಿನಿಂದ ಕಣ್ಣಿಗೆ ಕಾಣಬೇಕೆಂದಿಲ್ಲ. 2014ರ ಮಾರ್ಚಿನಿಂದ 'ಎಚ್ 1' ಪಟ್ಟಿಯ ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರು ಬಂದಿದೆ. ಅದರಲ್ಲಿ ಚೀಟಿ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆವೆಂಬ ಲೆಕ್ಕ ಎಲ್ಲವನ್ನೂ ಬರೆದು ಮೂರು ವರ್ಷ ಕಾಪಾಡಬೇಕು. ಕ್ಷಯದ ಔಷಧಗಳೂ ಬಲವಾದ ಆಂಟಿಬಯೋಟಿಕ್‌ಗಳೂ ಆ ಪಟ್ಟಿಯಲ್ಲಿವೆ. ಅವನ್ನು ಬೇಕಾಬಿಟ್ಟಿ ಕೊಟ್ಟರೆ ರೋಗಾಣು ಅದಕ್ಕೆ ಪಳಗಿ, ನಾಳೆ ನಮ್ಮ ಮಕ್ಕಳಿಗೆ ಬೇಕಾದಾಗ ಔಷಧ ನಾಟುವುದಿಲ್ಲ. ಆ ರಿಜಿಸ್ಟರಿನ ಒಂದೊಂದು ಸಾಲೂ ಊರಿಗೆ ಕಟ್ಟಿದ ಬೇಲಿ.

ಲೆಕ್ಕವೂ ಅವನ ತಲೆಗೇ. 2025ರ ಸೆಪ್ಟೆಂಬರ್ 22ರಂದು ಬಹುತೇಕ ಔಷಧಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿಯಿತು. ಅಂಗಡಿಯಲ್ಲಿದ್ದ ಹಳೆಯ ಪೊಟ್ಟಣದ ಮೇಲೆ ಹಳೆಯ ಬೆಲೆ, ಗಿರಾಕಿಯಿಂದ ಪಡೆಯಬೇಕಾದದ್ದು ಹೊಸ ಬೆಲೆ. ದಿಲ್ಲಿಯಲ್ಲಿ ಆದ ತೀರ್ಮಾನವನ್ನು ಬೀದಿಯಲ್ಲಿ ನಿಂತ ನೂರಾರು ಜನರಿಗೆ ಬಿಡಿಸಿ ಹೇಳಿದವರು ಯಾವ ಅಧಿಕಾರಿಗಳೂ ಅಲ್ಲ, ಈ ಹುಡುಗರು ಮತ್ತು ಹುಡುಗಿಯರು.

ಹೀಗೆ ದುಡಿಯುವವನ ಸ್ಥಿತಿ ಏನು? ಮೈಸೂರು ರಾಜ್ಯವೆಂಬ ಹೆಸರಿದ್ದಾಗ ಬಂದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಕೆಲಸಕ್ಕೆ ಮಿತಿ ಹಾಕಿತು, ವಾರದ ರಜೆ ಕೊಟ್ಟಿತು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಎಳೆಯುವ ಅಂಗಡಿಯಲ್ಲಿ ಒಬ್ಬನೇ ಹುಡುಗನಿದ್ದರೆ ಆ ಮಿತಿ ಎಲ್ಲಿ ಹೋಯಿತೆಂದು ಯಾರಾದರೂ ಎಣಿಸಬಹುದು. ಗಿರಣಿಯ ಕೆಲಸಗಾರನಿಗೆ 1948ರ ಇ.ಎಸ್.ಐ. ಕಾಯಿದೆಯಿಂದ ಕಾಯಿಲೆಯ ಕಾಲಕ್ಕೆ ಒಂದು ಆಸರೆ ಬಂತು. ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿ ಇ.ಎಸ್.ಐ.ಯ ಕಡ್ಡಾಯ ವ್ಯಾಪ್ತಿಗೆ ಸೇರುವುದಿಲ್ಲ. ಊರಿಗೆಲ್ಲ ಔಷಧ ಎತ್ತಿಕೊಡುವವನು ತನಗೆ ಜ್ವರ ಬಂದರೆ ಅದೇ ಕಟ್ಟೆಯಲ್ಲಿ ಸಂಬಳದ ಲೆಕ್ಕಕ್ಕೆ ಗುಳಿಗೆ ಬರೆಸಿಕೊಳ್ಳುತ್ತಾನೆ. ಇದಕ್ಕಿಂತ ಕಹಿ ಔಷಧ ಯಾವುದಿದೆ?

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಡಾಕ್ಟರ ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು 1945ರ ಔಷಧ ನಿಯಮಗಳು ಹೇಳುತ್ತವೆ. ಆದರೆ ಎಷ್ಟೋ ಕಡೆ ಫಾರ್ಮಸಿಸ್ಟರ ಸರ್ಟಿಫಿಕೇಟು ಮಾತ್ರ ಗೋಡೆಯ ಮೇಲೆ ತೂಗುತ್ತದೆ, ಅದರ ಬಾಡಿಗೆ ತಿಂಗಳಿಗೊಮ್ಮೆ ಸಲ್ಲುತ್ತದೆ, ಅವರ ಕೆಲಸವೆಲ್ಲ ಈ ಹುಡುಗನ ಹೆಗಲಿಗೆ ಬೀಳುತ್ತದೆ. ತಪ್ಪಾದ ದಿನ ಜನ ಕೊರಳಪಟ್ಟಿ ಹಿಡಿಯುವುದೂ ಅವನದನ್ನೇ. ಕಲಿಸದ ಕೆಲಸವನ್ನು ಮಾಡಿಸಿ, ಮಾಡಿದ್ದಕ್ಕೆ ಕೂಲಿ ಕೊಡದೆ, ತಪ್ಪಿಗೆ ಮಾತ್ರ ಹೊಣೆ ಮಾಡುವುದು ಯಾವ ನ್ಯಾಯ?

ಅಂಗಡಿಯ ಯಜಮಾನರೂ ನಮ್ಮ ಓದುಗರೇ. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಸರಕಾರ ಗರಿಷ್ಠ ಬೆಲೆ ಕಟ್ಟಿದ ಔಷಧಗಳಲ್ಲಿ ಚಿಲ್ಲರೆ ವ್ಯಾಪಾರಿಗೆ ಲೆಕ್ಕ ಹಿಡಿದಿರುವುದು ಶೇಕಡ 16. ಅದರಲ್ಲಿ ಬಾಡಿಗೆ, ಕರೆಂಟು, ಉದ್ರಿ ಮುಳುಗಿದ್ದು ಎಲ್ಲವೂ ಹೋಗಬೇಕು. ಎದುರಿಗೆ ದೊಡ್ಡ ಬಂಡವಾಳದ ಸರಣಿ ಅಂಗಡಿ ಶೇಕಡ 20 ರಿಯಾಯಿತಿ ಎಂದು ಹಲಗೆ ತೂಗುಹಾಕುತ್ತದೆ. ಫೋನಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಔಷಧ ಬರುತ್ತದೆ. ಸಣ್ಣ ವ್ಯಾಪಾರಿ ಆ ರಿಯಾಯಿತಿಯ ಪಂದ್ಯದಲ್ಲಿ ಗೆಲ್ಲಲಾರ. ಅವನು ಗೆಲ್ಲಬಹುದಾದ ಪಂದ್ಯ ಒಂದೇ: ಅಜ್ಜಿಯನ್ನು ನಿಲ್ಲಿಸಿ, ಯಾವ ದಿನವೆಂದು ಕೇಳಿ, ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಡುವುದು. ಆದ್ದರಿಂದ ಆ ಹುಡುಗನ ಸಂಬಳವನ್ನು ಖರ್ಚಿನ ಕಡೆ ಬರೆಯುವ ಯಜಮಾನ ತನ್ನ ಅಂಗಡಿಯ ಬಂಡವಾಳವನ್ನೇ ಗುರುತಿಸಿಲ್ಲ ಎನ್ನಬೇಕಾಗುತ್ತದೆ.

ಹಾಗಾದರೆ ಆಗಬೇಕಾದದ್ದೇನು?

ಮೊದಲನೆಯದು, ಫಾರ್ಮಸಿಸ್ಟರು ಗೋಡೆಯಿಂದ ಇಳಿದು ಕಟ್ಟೆಯ ಹಿಂದೆ ನಿಲ್ಲಬೇಕು. ಔಷಧ ಇನ್‌ಸ್ಪೆಕ್ಟರರು ರಿಜಿಸ್ಟರಿನ ಜೊತೆಗೆ ಮನುಷ್ಯನನ್ನೂ ಕಂಡು ಹೋಗಬೇಕು.

ಎರಡನೆಯದು, ಪ್ರತಿಯೊಬ್ಬ ಸಹಾಯಕನಿಗೂ ನೇಮಕದ ಪತ್ರ, ಕನಿಷ್ಠ ವೇತನ, ವಾರದ ರಜೆ ಸಿಗಬೇಕು. ಸಣ್ಣ ಅಂಗಡಿಯ ನೌಕರರಿಗೂ ಇ.ಎಸ್.ಐ. ತಲುಪುವಂತೆ ಸರಕಾರ ದಾರಿ ಮಾಡಬೇಕು. ಆ ವಂತಿಗೆಯ ಭಾರ ಸಣ್ಣ ವ್ಯಾಪಾರಿಯೊಬ್ಬನ ಮೇಲೇ ಬೀಳಬಾರದು.

ಮೂರನೆಯದು, ತರಬೇತಿ. ಫಾರ್ಮಸಿ ಕಾಲೇಜುಗಳೂ ವ್ಯಾಪಾರಿಗಳ ಸಂಘವೂ ಸೇರಿ, ಸಂಬಳ ಕಡಿಯದೆ, ತಿಂಗಳಿಗೆ ಒಂದು ಮಧ್ಯಾಹ್ನ ಈ ನೌಕರರಿಗೆ ಪಾಠ ಹೇಳಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟಕ್ಕೆ ಮುಂಚೆ, ಊಟವಾದ ಮೇಲೆ ಎಂದು ಕನ್ನಡದಲ್ಲಿ ಅಚ್ಚಾದ ಚೀಟಿಗಳನ್ನು ಹಂಚಲಿ. ಓದು ಬಾರದವರಿಗೆ ಸೂರ್ಯ ಚಂದ್ರರ ಚಿತ್ರವಾದರೂ ಇರಲಿ.

ನಾಲ್ಕನೆಯದು ಡಾಕ್ಟರರಿಗೆ. ಔಷಧದ ಮೂಲ ಹೆಸರನ್ನು ಓದುವಂತೆ, ಸಾಧ್ಯವಾದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ಅವರ ನಿಯಮ ತಿದ್ದಿದೆ. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಗೆ, ಮೆಟ್ರೊನಿಡಜೋಲ್ ಸೋಂಕಿಗೆ. ಗೀಚಿ ಬರೆದರೆ ಎರಡೂ ಒಂದೇ ಹುಳುವಿನಂತೆ ಕಾಣುತ್ತವೆ.

ಐದನೆಯದು ನಮಗೇ. ಬಿಲ್ಲು ಕೇಳಿ ಪಡೆಯೋಣ. ಕೈಯಲ್ಲಿ ಹಣ ಕಡಿಮೆಯಿದ್ದು ಎರಡೇ ಗುಳಿಗೆ ಕೊಂಡರೂ ನಾಚಬೇಕಾಗಿಲ್ಲ. ಬಿಡಿಯಾಗಿ ಮಾರಿದ್ದಕ್ಕೆ ಹಾಳೆಯ ಬೆಲೆಯ ಲೆಕ್ಕಕ್ಕಿಂತ ಒಂದು ಕಾಸೂ ಹೆಚ್ಚು ಪಡೆಯಕೂಡದೆಂದು 2013ರ ಬೆಲೆ ನಿಯಂತ್ರಣ ಆದೇಶ ಹೇಳುತ್ತದೆ. ಕತ್ತರಿಸಿದ ತುಂಡಿನಲ್ಲಿ ಅವಧಿಯ ತಾರೀಖು ಇಲ್ಲದಿದ್ದರೆ ಪೊಟ್ಟಣದ ಮೇಲೆ ಬರೆಸಿಕೊಳ್ಳೋಣ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡೆಂದು ಆ ಹುಡುಗನನ್ನು ಪೀಡಿಸದಿರೋಣ. ಅವನು ಇಲ್ಲವೆಂದರೆ ಅದು ಸೊಕ್ಕಲ್ಲ.

ಮುಂದಿನ ಸಲ ಕಟ್ಟೆಯ ಮುಂದೆ ನಿಂತಾಗ ಯಾರಿಗೋ ಅವನು ಬಿಡಿಸಿ ಹೇಳುತ್ತಿದ್ದರೆ ಸುಮ್ಮನೆ ಕಾಯೋಣ. ಗಿರಣಿಯಲ್ಲಿ ಯಂತ್ರದ ಸದ್ದಿನ ನಡುವೆ ಒಬ್ಬ "ಕೈ ಜೋಪಾನ" ಎಂದು ಕೂಗಿದ್ದರಿಂದ ಉಳಿದ ಬೆರಳುಗಳೆಷ್ಟೋ ನಮ್ಮ ಕಾರ್ಮಿಕ ಬಂಧುಗಳಿಗೆ ಗೊತ್ತಿದೆ. ಔಷಧದಂಗಡಿಯ ಹುಡುಗನ ಮಾತೂ ಅಂಥದೇ ಕೂಗು. ನಮ್ಮ ಸರದಿ ಬಂದಾಗ ಅವನ ಹೆಸರನ್ನೂ ಒಮ್ಮೆ ಕೇಳಿ ತಿಳಿಯೋಣ.