ಜೀಪಿಗೆ ಬೆಳಕು, ಎದುರಿನವರಿಗೆ ಕತ್ತಲು

ವಯನಾಡು, ನೀಲಗಿರಿ, ತಾಳವಾಡಿ ಭಾಗದ ತೋಟದ ದಾರಿಗಳಲ್ಲಿ ಜೀಪು ಷೋಕಿಯ ವಾಹನವಲ್ಲ. ಕೂಲಿಯಾಳುಗಳನ್ನು, ಗೊಬ್ಬರದ ಮೂಟೆಯನ್ನು, ಅಪರಾತ್ರಿಯಲ್ಲಿ ರೋಗಿಯನ್ನು ಸಾಗಿಸುವುದೂ ಅದೇ. ಬೀದಿದೀಪವಿಲ್ಲದ ಕಾಡಂಚಿನ ರಸ್ತೆ, ಮಂಜು, ಯಾವ ತಿರುವಿನಲ್ಲಾದರೂ ನಿಂತಿರಬಹುದಾದ ಆನೆ. ಹಳೆಯ ಹೆಡ್‌ಲೈಟು ಸಾಲದು ಎಂಬ ಮಾಲೀಕರ ಮಾತಿನಲ್ಲಿ ಸತ್ಯವಿದೆ. ಆದರೆ ಪರಿಹಾರವೆಂದು ಬಂಪರಿನ ಮೇಲೂ ಟಾಪಿನ ಮೇಲೂ ಸಾಲಾಗಿ ಕೂರಿಸುತ್ತಿರುವ ಎಲ್‌ಇಡಿ ದೀಪಗಳು ಬೇರೆಯೇ ತೊಂದರೆ ತಂದಿವೆ.

'ನಮ್ಮ ರಾಜ್ಯದಲ್ಲಿ ಕೇಳುವುದಿಲ್ಲ, ಗಡಿ ದಾಟಿದರೆ ಮಾತ್ರ ದಂಡ' ಎಂಬ ಮಾತು ಗಡಿ ಊರುಗಳಲ್ಲಿ ಸಾಮಾನ್ಯ. ಇದು ತಪ್ಪು ತಿಳಿವಳಿಕೆ. 1988ರ ಮೋಟಾರು ವಾಹನ ಕಾಯಿದೆ ಕೇಂದ್ರದ್ದು. ಮೂರು ರಾಜ್ಯಗಳಿಗೂ ಒಂದೇ. ನೋಂದಣಿ ಅಧಿಕಾರಿಯ ಮುಂಗಡ ಒಪ್ಪಿಗೆಯಿಲ್ಲದೆ ವಾಹನದ ಮುಂಭಾಗದಲ್ಲಿ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಬಳಸುವಂತಿಲ್ಲ ಎಂದು ಕೇಂದ್ರ ನಿಯಮಾವಳಿ ಹೇಳುತ್ತದೆ. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯಂತೆ ನಿಯಮಬಾಹಿರವಾದ ಪ್ರತಿಯೊಂದು ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ವಿಧಿಸಬಹುದು.

ವ್ಯತ್ಯಾಸವಿರುವುದು ಜಾರಿಯಲ್ಲಿ. 2024ರಲ್ಲಿ ಕೇರಳ ಹೈಕೋರ್ಟ್ ಇಂತಹ ವಾಹನಗಳ ಮೇಲೆ ಕಠಿಣ ಕ್ರಮಕ್ಕೆ ಆದೇಶಿಸಿತು. ಅದೇ ವರ್ಷ ಜುಲೈಯಲ್ಲಿ ಕರ್ನಾಟಕ ಪೊಲೀಸರೂ ಕಣ್ಣು ಕೋರೈಸುವ ದೀಪಗಳ ವಿರುದ್ಧ ಕಾರ್ಯಾಚರಣೆಗೆ ಇಳಿದರು. ಸಡಿಲಿಕೆ ಕಂಡ ಕಡೆ ಅದನ್ನೇ ಅನುಮತಿ ಎಂದುಕೊಂಡವರು ಹಲವರು.

ದಂಡಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅಂತಹ ತಿರುವಿನಲ್ಲಿ ಎದುರು ಬರುವ ಬೈಕ್ ಸವಾರನ ಕಣ್ಣಿಗೆ ಈ ಬೆಳಕು ಬಿದ್ದರೆ ಕೆಲವು ಕ್ಷಣ ರಸ್ತೆಯೇ ಕಾಣದು. ಜೀಪು ದಾಟಿಹೋದ ಮೇಲೂ ಕಣ್ಣು ಕೂಡಲೇ ಕತ್ತಲೆಗೆ ಹೊಂದಿಕೊಳ್ಳುವುದಿಲ್ಲ. ಮಂಜಿನಲ್ಲಂತೂ ಎತ್ತರದಲ್ಲಿ ಕೂರಿಸಿದ ಬಿಳಿ ದೀಪದ ಬೆಳಕು ಹನಿಗಳಿಗೆ ಬಡಿದು ಚಾಲಕನ ಕಣ್ಣಿಗೇ ಮರಳುತ್ತದೆ. ಹಣ ಕೊಟ್ಟು ಹಾಕಿಸಿದ ದೀಪ ಬೇಕಾದ ಹೊತ್ತಿಗೇ ಕೆಲಸಕ್ಕೆ ಬಾರದು.

ಜೋಡಣೆಯಲ್ಲೂ ಅಪಾಯವಿದೆ. 12 ವೋಲ್ಟ್ ಬ್ಯಾಟರಿಯಲ್ಲಿ 120 ವಾಟ್ ದೀಪ ಸುಮಾರು 10 ಆಂಪಿಯರ್ ಎಳೆಯುತ್ತದೆ. ಫ್ಯೂಸ್, ರಿಲೇ ಇಲ್ಲದೆ ಹಳೆಯ ಸ್ವಿಚ್ಚಿಗೇ ನೇರ ಕೊಟ್ಟರೆ ವೈರು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ರಸ್ತೆಗೆ ಬೀಳುವ ಬದಲು ಚದರಿ ಎದುರಿನವರ ಮುಖಕ್ಕೆ ಹೊಡೆಯುತ್ತದೆ.

ಮಸುಕಾದ ಗಾಜು, ಹೊಳಪು ಕಳೆದುಕೊಂಡ ರಿಫ್ಲೆಕ್ಟರ್ ಬದಲಿಸಿ ಹೆಡ್‌ಲೈಟನ್ನು ಸರಿಯಾದ ಮಟ್ಟಕ್ಕೆ ಇಳಿಸಿ ಹೊಂದಿಸುವುದು ಕಡಿಮೆ ಖರ್ಚಿನ ಕೆಲಸ. ಎದುರು ವಾಹನ ಕಂಡಾಗ ಡಿಮ್ ಮಾಡುವ ರೂಢಿಗೆ ಖರ್ಚೇ ಇಲ್ಲ. ತೋಟದೊಳಗೆ ಜೀಪು ನಿಲ್ಲಿಸಿ ಕೆಲಸ ಮಾಡಲು ಕಳಚಿಡುವ ದೀಪ ಸಾಕು. ದಂಡ ಹಾಕುವ ಇಲಾಖೆಗಳೂ ಕಾಡಂಚಿನ ಊರುಗಳಿಗೆ ಬಂದು ಹೆಡ್‌ಲೈಟು ತಪಾಸಣೆ ನಡೆಸಿ ಸರಿಪಡಿಸಿಕೊಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧ ಮಾಲೀಕರ ಕೈಯಲ್ಲಿದೆ: ಎದುರು ಬರುವ ಬೈಕಿನಲ್ಲಿ ಇರುವವರು ತಮ್ಮ ಊರಿನವರೇ ಎಂಬುದನ್ನು ಅವರು ಮರೆಯಬಾರದು.