ಎಲ್ಲವನ್ನೂ ಸಾರುವ ಮೈಕು

ರಟ್ಟೀಹಳ್ಳಿಯಂಥ ಊರಿನ ಓಣಿಗೆ ಮೈಕು ಕಟ್ಟಿದ ಆಟೊ ಬಂದರೆ ಜನ ಕಿವಿಗೊಡುತ್ತಾರೆ. ಕರೆಂಟು ಹೋಗುವ ದಿನವೋ, ಕಂದಾಯದ ಗಡುವೋ, ಪೋಲಿಯೊ ಹನಿಯೋ ಇದ್ದೀತು ಎಂಬ ನಂಬಿಕೆ. ಯಾರ ಮನೆಯ ಎಮ್ಮೆ ಈಯಿತು ಎಂಬುದನ್ನೂ ಅದೇ ಆಟೊ ಬೆಳಗಿನಿಂದ ಸಾರತೊಡಗಿದರೆ, ಕರೆಂಟಿನ ಸುದ್ದಿಯೂ ಯಾರ ಕಿವಿಗೂ ಬೀಳದು. ಈ ಊರುಗಳಿಂದ ಹೋಗಿ ಸಾಫ್ಟ್‌ವೇರ್ ಕೆಲಸ ಹಿಡಿದವರು ದಿನವಿಡೀ ಕೇಳುತ್ತಿರುವುದು ಇಂಥದೇ ಮೈಕು. ತಂಡದ ಕೋಡ್ ಗಿಟ್‌ಹಬ್ ಎಂಬ ತಾಣದಲ್ಲಿ ಇರುತ್ತದೆ, ಮಾತುಕತೆ ಸ್ಲ್ಯಾಕ್ ಎಂಬ ಚಾಟ್‌ನಲ್ಲಿ ನಡೆಯುತ್ತದೆ. ಎರಡನ್ನೂ ಜೋಡಿಸಿದರೆ, ಅಲ್ಲಿ ಏನಾದರೂ ಬದಲಾದ ಕೂಡಲೇ ಇಲ್ಲಿ ಸಂದೇಶ ಬೀಳುತ್ತದೆ. ಜೋಡಿಸುವುದು ಹತ್ತು ನಿಮಿಷದ ಕೆಲಸ. ಏನನ್ನು ಸಾರಬೇಕು ಎಂದು ಯೋಚಿಸಲು ಮಾತ್ರ ಹೆಚ್ಚಿನ ತಂಡಗಳು ಇನ್ನೊಂದು ಹತ್ತು ನಿಮಿಷ ಎತ್ತಿಡುವುದಿಲ್ಲ. ಸುಮ್ಮನೆ ಜೋಡಿಸಿ ಬಿಟ್ಟರೆ ಹೊಸ ದೂರು, ಬದಲಾವಣೆಯ ಕೋರಿಕೆ, ಮುಖ್ಯ ಶಾಖೆಗೆ ಸೇರಿದ ಪ್ರತಿ ಕೋಡ್, ಬಿಡುಗಡೆ ಎಲ್ಲವೂ ಒಂದೇ ದನಿಯಲ್ಲಿ ಬರುತ್ತವೆ.

ಹೆಚ್ಚು ತಿಳಿದರೆ ನಷ್ಟವೇನು, ತಪ್ಪಿಹೋದರೆ ತಾನೇ ಅಪಾಯ ಎನ್ನುವವರಿದ್ದಾರೆ. ಸಂದೇಶ ತಲುಪಿದರೆ ಸಾಕೆಂಬ ಭಾವನೆ ಇದರ ಹಿಂದಿದೆ. ಆದರೆ ತಲುಪಿದರಷ್ಟೇ ಸಾಲದು. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಗ್ರಾಹಕರ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳುವಾಯಿತು. ಎಚ್ಚರಿಕೆ ಬಂದಿರಲಿಲ್ಲ ಎಂದಲ್ಲ. ಅದು ಬೆಂಗಳೂರಿನಲ್ಲಿದ್ದ ಕಾವಲು ತಂಡಕ್ಕೆ ಬಂತು, ಅವರು ಮಿನಿಯಾಪೊಲಿಸ್‌ನಲ್ಲಿದ್ದ ಕಂಪನಿಯ ಭದ್ರತಾ ತಂಡಕ್ಕೆ ತಿಳಿಸಿದರು, ಅಲ್ಲಿ ಕ್ರಮ ಆಗಲಿಲ್ಲ ಎಂದು 2014ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ವರದಿ ಮಾಡಿತು. ವಾರವಾರವೂ ಇಂಥ ತಾಂತ್ರಿಕ ಘಟನೆಗಳು ಅಪಾರ ಸಂಖ್ಯೆಯಲ್ಲಿ ದಾಖಲಾಗುತ್ತವೆ ಎಂಬುದು ಕಂಪನಿಯ ಸಮಜಾಯಿಷಿ. ಅದು ತೂಗಿ ನೋಡುವುದರಲ್ಲಿ ಆದ ತಪ್ಪು, ಗದ್ದಲದ ತಪ್ಪಲ್ಲ ಎಂದು ವಾದಿಸಬಹುದು. ಆದರೆ ರಾಶಿ ಬಿದ್ದಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತೂಗುವುದೇ ಕಷ್ಟವಾಗುತ್ತದೆ.

ಇನ್ನೊಂದು ಆಕ್ಷೇಪ ಪಾರದರ್ಶಕತೆಯದು: ಯಾರು ಏನು ಮಾಡುತ್ತಿದ್ದಾರೆ ಎಂಬುದು ಎಲ್ಲರಿಗೂ ಕಾಣಬೇಡವೇ? ಕಾಣಬೇಕು. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬ ದಾಖಲೆ ಗಿಟ್‌ಹಬ್‌ನಲ್ಲೇ ಅಚ್ಚುಕಟ್ಟಾಗಿದೆ, ಬೇಕಾದವರು ತೆರೆದು ನೋಡಬಹುದು. ಕಡತ ಕಚೇರಿಯಲ್ಲಿ ಇರುವಾಗ ಅದರ ಪ್ರತಿ ಪುಟವನ್ನೂ ಓಣಿಯಲ್ಲಿ ಓದಿಸಬೇಕಿಲ್ಲ. ಹಾಗಾಗಿ ಓದಿದವರು ಈಗಲೇ ಏನಾದರೂ ಮಾಡಬೇಕಾದ ಸುದ್ದಿ ಮಾತ್ರ ಚಾಟ್‌ಗೆ ಬರಲಿ: ಗ್ರಾಹಕರು ಬಳಸುವ ವ್ಯವಸ್ಥೆ ಕೆಟ್ಟಿದೆ, ಪರೀಕ್ಷೆ ವಿಫಲವಾಗಿದೆ, ನಿಮ್ಮ ಪರಿಶೀಲನೆಗಾಗಿ ಕೆಲಸ ನಿಂತಿದೆ. ಅದೂ ಸಂಬಂಧಪಟ್ಟವರ ಹೆಸರಿಗೇ ಬರಲಿ. ಬಾಕಿ ಪರಿಶೀಲನೆಗಳನ್ನು ಒಟ್ಟು ಮಾಡಿ ಗೊತ್ತಾದ ಹೊತ್ತಿಗೆ ನೆನಪಿಸುವ ಸೌಲಭ್ಯ ಗಿಟ್‌ಹಬ್‌ನಲ್ಲೇ ಉಂಟು. ಯಾವ ಸಂದೇಶ ಚಾಟ್‌ಗೆ ಬರಬೇಕೆಂಬ ಆಯ್ಕೆಯನ್ನು ಜೋಡಿಸಿದವರೊಬ್ಬರಿಗೇ ಬಿಡದೆ ತಂಡವೇ ಕೂತು ಮಾಡಬೇಕು. ಕಳೆದ ತಿಂಗಳು ಯಾವ ಸಂದೇಶ ಓದಿ ಯಾರೂ ಏನೂ ಮಾಡಲಿಲ್ಲವೋ ಅದನ್ನು ನಿಲ್ಲಿಸುವುದರಿಂದ ಶುರುಮಾಡಬಹುದು.